ಮೊದಲನೇ ಸಾಲಿಗೆ ಬಿದ್ದ ವೋಟು

“ಈ ಮಷಿನ್‌ಗೆ ಅಡುಗೆ ಎಣ್ಣೆ ಹಾಕಿದ ಪುಣ್ಯಾತ್ಮರು ಯಾರು?”

ಅವನು ಅಂಗಡಿಯೊಳಗೆ ಆಡಿದ ಮೊದಲ ಮಾತೇ ಅದು. ನಮಸ್ಕಾರವಿಲ್ಲ, ಏನಾಗಿದೆ ಎಂಬ ವಿಚಾರಣೆಯಿಲ್ಲ. ಹೊಲಿಗೆ ಯಂತ್ರದ ತಲೆಯನ್ನು ಹಿಂದಕ್ಕೆ ವಾಲಿಸಿ, ಒಳಗೆ ಕಚ್ಚಿಕೊಂಡಿದ್ದ ಹಳದಿ ಜಿಗಟನ್ನು ಬೆರಳಿನಿಂದ ಕೆರೆದು, ಮೂಸಿ ನೋಡಿ, ಅವಳನ್ನು ದುರುಗುಟ್ಟಿ ನೋಡಿದ.

ಅವಳ ಕೈಯಲ್ಲಿ ತೋಳಿಲ್ಲದ ಅಂಗಿಯೊಂದು ಅರ್ಧಕ್ಕೆ ನಿಂತಿತ್ತು. ಸಂಜೆಯೊಳಗೆ ಅದನ್ನು ಕೊಡಬೇಕಿತ್ತು.

“ನಾನೇ ಹಾಕಿದ್ದು. ಏನೀಗ? ಎಣ್ಣೆ ಅಂದ್ರೆ ಎಣ್ಣೆ.”

“ಸರಿ. ಹಾಗಾದ್ರೆ ಇವತ್ತು ಮಷಿನ್ ಎಣ್ಣೆಲಿ ಅಡುಗೆ ಮಾಡಿ, ಟೇಲರಮ್ಮ. ಊಟಕ್ಕೆ ನನ್ನ ಕರೀಬೇಡಿ.”

ಬಾಗಿಲಲ್ಲಿ ನಿಂತಿದ್ದ ಅಕ್ಕ ಕಿಸಕ್ಕನೆ ನಕ್ಕಳು. ತಂಗಿಗೆ ಮೈಯೆಲ್ಲ ಉರಿದುಹೋಯಿತು. ಮೆಕ್ಯಾನಿಕ್ ಅಂತೆ ಮೆಕ್ಯಾನಿಕ್... ರಿಪೇರಿ ಮಾಡಲು ಬಂದವನೋ, ಮಾನ ಕಳೆಯಲು ಬಂದವನೋ?

ಆದರೆ ಒಂದು ತಾಸು ಕಳೆದ ಮೇಲೆ ಆ ಹಳೇ ಯಂತ್ರ ಬೆಕ್ಕಿನ ಮರಿಯ ಹಾಗೆ ಗುರುಗುಟ್ಟುತ್ತಾ ಓಡಿದಾಗ, ಅವಳ ಕಣ್ಣು ಅವನ ಕೈಯ ಮೇಲೆಯೇ ಇತ್ತು. ಉಗುರಿನ ಸಂದಿಯಲ್ಲೆಲ್ಲ ಕಪ್ಪು. ಆ ಕೈ ಒಂದೊಂದು ತಿರುಪನ್ನೂ ಮಗುವಿನ ಕಿವಿ ಮುಟ್ಟುವಷ್ಟು ಹಗುರವಾಗಿ ಮುಟ್ಟುತ್ತಿತ್ತು.

ಹೋಗುವಾಗ ಉದ್ದ ಮೂಗಿನ ಒಂದು ಎಣ್ಣೆ ಡಬ್ಬಿಯನ್ನು ಮೇಜಿನ ಮೇಲಿಟ್ಟ. “ಇದನ್ನ ಹಾಕಿ. ಅನುಮಾನ ಬಂದ್ರೆ ಫೋರಂನಲ್ಲಿ ಕೇಳಿ. ಬೈಯದೆ ಹೇಳ್ತೀನಿ.”

“ಬೈಯದೆ ಹೇಳೋಕೆ ಬರುತ್ತಾ ಮೇಸ್ತ್ರಿ ನಿಮಗೆ?”

“ಬರೆಯೋವಾಗ ಬರುತ್ತೆ.”

ಅದು ಹೊಲಿಯುವವರೆಲ್ಲ ಸೇರುವ ಆನ್‌ಲೈನ್ ಚರ್ಚಾ ವೇದಿಕೆ. ದಾರ ಯಾಕೆ ತುಂಡಾಗುತ್ತದೆ, ಕಾಲರ್ ಯಾಕೆ ಸೊಟ್ಟಗಾಗುತ್ತದೆ ಎಂದು ಯಾರು ಕೇಳಿದರೂ ಅಲ್ಲಿ ಯಾರಾದರೊಬ್ಬರು ಉತ್ತರ ಕೊಡುತ್ತಿದ್ದರು. ಅವನು ಅಲ್ಲಿ ‘ಎಣ್ಣೆಕೈ’. ಅವಳು ‘ಸಡಿಲಗುಂಡಿ’ ಎಂಬ ಹೆಸರಿನಲ್ಲಿ ಸೇರಿಕೊಂಡಳು. ಯಾರು ಯಾರೆಂದು ಇಬ್ಬರಿಗೂ ಗೊತ್ತಿತ್ತು.

ನಾಲ್ಕು ತಿಂಗಳು ಹಾಗೇ ನಡೆಯಿತು. ಅವಳು ದಾರ ಸುತ್ತುವ ಬಾಬಿನ್ ಬಗ್ಗೆ ಕೇಳಿದರೆ ಅವನು ಬಾಬಿನ್ ಬಗ್ಗೆ ಎರಡು ಸಾಲು ಬರೆದು, ಮೂರನೇ ಸಾಲಿನಲ್ಲಿ ‘ಊಟ ಆಯ್ತಾ?’ ಎನ್ನುತ್ತಿದ್ದ. ತಿಂಗಳಿಗೊಮ್ಮೆ ಯಂತ್ರ ನೋಡುವ ನೆಪದಲ್ಲಿ ಬರುತ್ತಿದ್ದ. ಯಂತ್ರಕ್ಕೆ ಏನೂ ಆಗಿರುತ್ತಿರಲಿಲ್ಲ. ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅಷ್ಟರಲ್ಲಿ ಭಾವನ ಫೋನ್ ಬಂತು.

ದೂರದ ಊರಿನ ದೊಡ್ಡ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಲಸ ಖಾಲಿ ಇದೆ, ಭಾನುವಾರ ಸಂಜೆಯೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಅವಳು ಕೇಳಿದಳು, “ಅಲ್ಲಿ ನಾನು ಏನು ಹೊಲೀಬೇಕು ಭಾವ?”

“ಜೇಬು.”

“ಜೇಬು ಆದಮೇಲೆ?”

“ಇನ್ನೊಂದು ಜೇಬು. ಏನಮ್ಮಾ ನೀನು, ಕೆಲಸ ಅಂದ್ರೆ ಕೆಲಸ.”

ಬದುಕನ್ನೇ ಬರೀ ಜೇಬು ಮಾಡಿಬಿಡುವ ಇಂಥ ಮಾತನ್ನು ಎಷ್ಟು ಸಲೀಸಾಗಿ ಆಡುತ್ತಾರೆ ಜನ! ಇಡೀ ಅಂಗಿಯನ್ನು ಕತ್ತರಿಸಿ, ಜೋಡಿಸಿ, ಗುಂಡಿ ಹಚ್ಚಿ, ತೊಟ್ಟವರ ಮುಖ ನೋಡಿ ಬದುಕಿದವಳು ಅವಳು. ಆದರೂ ಅಂಗಡಿಯಲ್ಲಿ ಕೆಲಸ ಕಡಿಮೆಯಾಗಿತ್ತು. ಹೋಗಬೇಕೋ, ಇರಬೇಕೋ... ಅವಳಿಗೆ ತಲೆಬುಡ ತಿಳಿಯಲಿಲ್ಲ.

ನಿಜ ಹೇಳಬೇಕೆಂದರೆ ಅವಳಿಗೆ ತಿಳಿಯಬೇಕಿದ್ದದ್ದು ಒಂದೇ ಒಂದು. ನಾನು ಹೋದರೆ ಅವನಿಗೆ ಏನಾದರೂ ಅನಿಸುತ್ತದೆಯೇ?

ಅದನ್ನು ನೇರವಾಗಿ ಕೇಳಲು ಬಾಯಿ ಬರಲಿಲ್ಲ. ಗುರುವಾರ ಮಧ್ಯಾಹ್ನ ಫೋರಂ ತೆರೆದು ಎಲ್ಲರೂ ವೋಟು ಹಾಕುವಂಥ ಒಂದು ಪೋಲ್ ಹಾಕಿದಳು.

‘ಟೇಲರ್ ಒಬ್ಬಳಿಗೆ ದೂರದಲ್ಲಿ ಕೆಲಸ ಸಿಕ್ಕಿದೆ. ಅವಳು ಏನು ಮಾಡಬೇಕು?’

ಮೊದಲನೇ ಸಾಲು: ಇಲ್ಲೇ ಇರಲಿ. ಎರಡನೇ ಸಾಲು: ಹೋಗಲಿ.

ಕೆಳಗೆ ಎರಡು ಕಡೆ ಟಿಕ್ ಮಾಡಿದಳು. ವೋಟು ಹಾಕಿದವರ ಹೆಸರು ಕಾಣಬೇಕು. ಭಾನುವಾರ ಐದು ಗಂಟೆಗೆ ಪೋಲ್ ಮುಗಿಯುವವರೆಗೂ ಯಾರು ಯಾವುದಕ್ಕೆ ಹಾಕಿದರೆಂದು ಯಾರಿಗೂ ಕಾಣಬಾರದು. ಅಲ್ಲಿಯವರೆಗಾದರೂ ಆಸೆ ಜೀವ ಹಿಡಿದುಕೊಂಡಿರಲಿ ಎಂದು.

ಸ್ವಲ್ಪ ಹೊತ್ತಿನಲ್ಲೇ ‘ಒಟ್ಟು ವೋಟು: 1’ ಎಂದು ತೋರಿಸಿತು.

ಹೆಗಲ ಮೇಲಿಂದ ಅಕ್ಕ ಬಗ್ಗಿ ನೋಡಿದಳು. “ಅಯ್ಯೋ ಮಂಕೇ, ‘ಇಲ್ಲೇ ಇರಲಿ’ ಅಂತ ಮೊದಲು ಹಾಕಿದೀಯಲ್ಲ. ನಿನ್ನ ಆಸೆನ ತಲೆ ಮೇಲೆ ಹೊತ್ಕೊಂಡು ತಿರುಗಿದ ಹಾಗಿದೆ. ಓದಿದವರೆಲ್ಲ ನಗ್ತಾರೆ.”

ಅವಳ ಕೆನ್ನೆ ಬಿಸಿಯಾಯಿತು. ಗಡಿಬಿಡಿಯಲ್ಲಿ ಪೋಲ್ ತಿದ್ದಿ, ಮೊದಲನೇ ಸಾಲಿನ ಮಾತನ್ನು ಅಳಿಸಿ ‘ಹೋಗಲಿ’ ಎಂದು ಬರೆದಳು. ಎರಡನೆಯದರಲ್ಲಿ ‘ಇಲ್ಲೇ ಇರಲಿ’. ಏನೋ ಎಚ್ಚರಿಕೆಯ ಚೌಕವೊಂದು ಎದ್ದು ಬಂತು. ಓದದೆಯೇ ‘ಹೌದು’ ಒತ್ತಿದಳು.

ಶುಕ್ರವಾರ, ಶನಿವಾರ... ಸೂಜಿ ಬಟ್ಟೆಗಿಂತ ಬೆರಳಿಗೇ ಹೆಚ್ಚು ಚುಚ್ಚಿತು.

ಭಾನುವಾರ ಐದು ಗಂಟೆ. ಒಟ್ಟು ವೋಟು ಅರವತ್ತಮೂರು. ಅರವತ್ತೆರಡು ಅವಳಿಗೆ ಬೇಕಿರಲಿಲ್ಲ. ಹೆಸರುಗಳನ್ನು ಸರಿಸುತ್ತಾ ಹೋದಳು.

‘ಹೋಗಲಿ’ ಎಂಬುದರ ಕೆಳಗೆ, ಎಲ್ಲರಿಗಿಂತ ಮೊದಲ ಹೆಸರು: ಎಣ್ಣೆಕೈ.

ಅವಳು ಪುಟವನ್ನು ಮುಚ್ಚಿ ಮತ್ತೆ ತೆರೆದಳು. ಹೆಸರು ಅಲ್ಲೇ ಇತ್ತು. ಎಲ್ಲರಿಗಿಂತ ಮೊದಲು ಬಂದು ‘ಹೋಗಲಿ’ ಅಂದನೇ? ಅಷ್ಟು ಆತುರವೇ ಅವನಿಗೆ? ಹಾಗಾದರೆ ಆ ‘ಊಟ ಆಯ್ತಾ’ ಏನು? ಕೆಡದ ಯಂತ್ರವನ್ನು ರಿಪೇರಿ ಮಾಡಲು ಬರುತ್ತಿದ್ದದ್ದು ಏನು? ಅವಳಿಗೆ ಅಳು ಬರಲಿಲ್ಲ. ಗೊಂದಲ ಎದೆಯಲ್ಲಿ ಗಂಟುಬಿದ್ದ ದಾರದ ಹಾಗೆ, ಎಳೆದಷ್ಟೂ ಬಿಗಿಯಾಯಿತು.

ಭಾವನಿಗೆ ಫೋನ್ ಮಾಡಿ “ಬರ್ತೀನಿ” ಎಂದಳು.

ಸೋಮವಾರ ಬೆಳಿಗ್ಗೆ ಯಂತ್ರವನ್ನು ಮೇಜಿನಿಂದ ಬಿಚ್ಚಿ ಕಟ್ಟಿಕೊಡಲು ಅಕ್ಕನೇ, ಜೇಬು ಹೊಲಿಯುವ ಕೆಲಸದ ವಿಷಯವನ್ನೂ ಹೇಳಿ, ಅವನನ್ನು ಕರೆಸಿದಳು. ಊರಿನಲ್ಲಿ ಬೇರೆ ಮೆಕ್ಯಾನಿಕ್ ಇರಲಿಲ್ಲ.

ಅವನು ಮುಖ ಗಂಟಿಕ್ಕಿಕೊಂಡೇ ಬಂದ. ಪೆಟ್ಟಿಗೆ ತೆರೆದ. ಸ್ಪ್ಯಾನರ್ ತೆಗೆದು ನೆಲಕ್ಕೆ ಕುಕ್ಕಿದ.

“ಅಂತೂ ಹೊರಟ್ರಿ.”

“ಹೂಂ. ಎಲ್ಲರ ಆಸೆ ಅದೇ ಅಲ್ವಾ?”

“ಎಲ್ಲರದ್ದೂ ಅಲ್ಲ.” ಅವನು ತಿರುಪಿಗೆ ಸ್ಪ್ಯಾನರ್ ಹಿಡಿದು ಅರ್ಧ ತಿರುಗಿಸಿ ನಿಲ್ಲಿಸಿದ. “ನನಗೆ ಒಂದೇ ಬೇಜಾರು. ಬೇಡ ಅನ್ನೋದಾದ್ರೆ ಬೇಡ ಅಂತ ನೇರವಾಗಿ ಹೇಳಬಹುದಿತ್ತು. ಎಲ್ಲರ ಎದುರಿಗೆ, ಹೆಸರು ಕಾಣೋ ಹಾಗೆ ನಾನು ವೋಟು ಹಾಕಿದೀನಿ. ನೋಡಿಯೂ ನೋಡದ ಹಾಗೆ ಗಂಟುಮೂಟೆ ಕಟ್ತಾ ಇದೀರಿ.”

ಅವಳಿಗೆ ಏನೂ ಅರ್ಥವಾಗಲಿಲ್ಲ. ಹೋಗು ಅಂದವನೇ, ಹೋಗುತ್ತೇನೆ ಅಂದರೆ ಸಿಟ್ಟಾಗುತ್ತಿದ್ದಾನೆ.

“ನೀವು ಹೇಳಿದ ಹಾಗೇ ಮಾಡ್ತಾ ಇದೀನಲ್ಲ ಮೇಸ್ತ್ರಿ. ಇನ್ನೇನು ಬೇಕು ನಿಮಗೆ?”

“ನಾನೆಲ್ಲಿ ಹೇಳಿದೆ ಹೋಗಿ ಅಂತ?”

“ಹೇಳ್ಲಿಲ್ವಾ?” ಅವಳು ಫೋನನ್ನು ಅವನ ಮುಖಕ್ಕೇ ಹಿಡಿದಳು. “ಇದು ಯಾರು, ನಿಮ್ಮ ತಾತನಾ?”

ಅವನು ಓದಿದ. ಅಂಗಿಗೆ ಬೆರಳು ಒರೆಸಿಕೊಂಡು, ಫೋನನ್ನು ಕೈಗೆ ತೆಗೆದುಕೊಂಡು ಮತ್ತೆ ಓದಿದ. ಸಿಟ್ಟೆಲ್ಲ ಇಳಿದುಹೋಗಿ ಮುಖ ಪೆಚ್ಚಾಯಿತು.

“ಇಲ್ಲ... ನಾನು ಒತ್ತಿದ್ದು ಇದಲ್ಲ.”

“ಬೆರಳು ಜಾರಿತು ಅಂತೀರಾ?”

“ಮೇಲಿನ ಸಾಲು ಒತ್ತಿದೆ ನಾನು. ಮೊದಲನೇ ಸಾಲು. ‘ಇಲ್ಲೇ ಇರಲಿ’ ಅಂತ ಇತ್ತು. ಎರಡು ಸಲ ಓದಿ ಒತ್ತಿದೀನಿ. ಆಮೇಲೆ ನೋಡೋಕೂ ಹೋಗ್ಲಿಲ್ಲ... ಒತ್ತಿದ್ದು ಏನು ಅಂತ ಗೊತ್ತಲ್ಲ, ನೋಡೋದೇನು?” ತಲೆ ಕೆರೆದುಕೊಂಡ. “ನನಗೇ ಹುಚ್ಚು ಹಿಡಿದಿದೆಯಾ ಏನು ಕಥೆ?”

ಮೊದಲನೇ ಸಾಲು.

ಅವಳು ಫೋನ್ ಕಿತ್ತುಕೊಂಡು ಪುಟದ ತೀರಾ ಕೆಳಗೆ ಹೋದಳು. ಅಲ್ಲಿ, ಇರುವೆ ಸಾಲಿನಷ್ಟು ಚಿಕ್ಕ ಬೂದು ಅಕ್ಷರಗಳಲ್ಲಿ ಒಂದು ಟಿಪ್ಪಣಿ ಇತ್ತು: ‘ಪೋಲ್ ತಿದ್ದಲಾಗಿದೆ, ಗುರುವಾರ 3.40. ಆಗ ಬಿದ್ದಿದ್ದ ವೋಟು: 1.’

ಅದರ ಕೆಳಗೆ, ಫೋರಂ ನೋಡಿಕೊಳ್ಳುವ ಮುದುಕರು, ಎಲ್ಲರೂ ‘ಕತ್ತರಿ ತಾತ’ ಎನ್ನುವವರು, ಭಾನುವಾರ ರಾತ್ರಿಯೇ ಬರೆದಿದ್ದರು: ‘ಮಗಳೇ, ವೋಟು ಬಿದ್ದ ಮೇಲೆ ಸಾಲಿನ ಮಾತು ಬದಲಿಸಬಾರದು. ಇಲ್ಲಿ ವೋಟು ಸಾಲಿಗೆ ಅಂಟಿಕೊಂಡಿರುತ್ತದೆ, ಮಾತಿಗಲ್ಲ. ಮೊದಲು ವೋಟು ಹಾಕಿದವನನ್ನು ಒಂದು ಮಾತು ಕೇಳು.’

ಅವಳು ಅದನ್ನು ಜೋರಾಗಿ ಓದಿದಳು.

“ನಾನೇ ಬದಲಿಸಿದ್ದು,” ಎಂದಳು. “ನಾಚಿಕೆ ಆಯ್ತು. ಆ ಮಾತು ಮೇಲಿದ್ರೆ ನನ್ನ ಮನಸ್ಸು ಎಲ್ಲರಿಗೂ ಕಾಣುತ್ತೆ ಅಂತ...”

“ಏನಿತ್ತು ಮನಸ್ಸಲ್ಲಿ?”

ಅವಳು ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು.

ಅವನು ಸ್ಪ್ಯಾನರನ್ನು ಪೆಟ್ಟಿಗೆಯೊಳಗೆ ಹಾಕಿದ. “ಅರವತ್ತಮೂರು ಜನ ವೋಟು ಹಾಕಿದಾರೆ. ಅಂಗಿಯ ತೋಳು ಎಡವೋ ಬಲವೋ ಗೊತ್ತಿಲ್ಲದವರೂ ಹಾಕಿದಾರೆ. ಅವರಿಗೇನು, ಹೊಲಿಯೋದು ಅವರಲ್ಲ. ಅದರಲ್ಲಿ ನಿನ್ನ ಹೆಸರು ಎಲ್ಲಿದೆ?”

‘ನೀವು’ ಅಲ್ಲ, ‘ನಿನ್ನ’. ಅವಳು ತಲೆಯೆತ್ತಿದಳು.

“ನಾನು... ಹಾಕಿಲ್ಲ.”

“ಊರಿಗೆಲ್ಲ ಕೇಳಿದೆ. ನಿನ್ನ ನೀನು ಕೇಳಲಿಲ್ಲ. ನನ್ನನ್ನೂ ಬಾಯಿಬಿಟ್ಟು ಕೇಳಲಿಲ್ಲ.”

“ನೀವು ಮಾತ್ರ ಬಾಯಿಬಿಟ್ಟು ಹೇಳಿದ್ರಾ? ನಾಲ್ಕು ತಿಂಗಳಿಂದ ‘ಊಟ ಆಯ್ತಾ’ ಬಿಟ್ಟು ಇನ್ನೊಂದು ಮಾತು ಬಂತಾ ನಿಮ್ಮ ಬಾಯಲ್ಲಿ?”

ಅವನು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ನಿಧಾನವಾಗಿ ಹೇಳಿದ, “ಸರಿ. ಈಗ ಹೇಳ್ತೀನಿ. ಜೇಬು ಹೊಲಿಯೋದೇ ನಿನಗಿಷ್ಟ ಅಂದ್ರೆ ಹೋಗು, ಈ ಮಷಿನ್ ನಾನೇ ಹೊತ್ತು ತಂದು ಅಲ್ಲಿ ಕೂರಿಸ್ತೀನಿ. ಇಷ್ಟ ಇಲ್ಲ ಅಂದ್ರೆ ಇಲ್ಲೇ ಇರು. ಕೆಲಸ ಕಡಿಮೆ ಅಂತ ಭಯ ಬೇಡ, ನಾನು ಮಷಿನ್ ನೋಡೋ ಮನೆಮನೆಗೂ ನಿನ್ನ ಅಂಗಡಿ ಹೆಸರು ಹೇಳ್ತೀನಿ. ನೀನು ಎಲ್ಲಿದ್ರೂ... ನನಗೆ ನೀನು ಬೇಕು. ಅಷ್ಟೇ. ಇದನ್ನ ಯಾರೂ ತಿದ್ದೋಕಾಗಲ್ಲ.”

ನಿನ್ನೆ ಸಂಜೆಯಿಂದ ಗಂಟುಬಿದ್ದಿದ್ದ ದಾರದ ತುದಿ ಅವಳ ಕೈಗೆ ಸಿಕ್ಕಿತು.

“ಪೋಲ್ ಮುಗಿದುಹೋಗಿದೆ,” ಎಂದಳು ಮೆಲ್ಲಗೆ.

“ಬಾಯಲ್ಲೇ ಹಾಕು.”

“ಇರ್ತೀನಿ. ನನ್ನ ಅಂಗಡಿಗೋಸ್ಕರ ಇರ್ತೀನಿ. ಆಮೇಲೆ... ನಿಮಗೋಸ್ಕರಾನೂ.”

ಬಾಗಿಲ ಹಿಂದೆ ಯಾರೋ ಕೆಮ್ಮಿದರು. ಅಕ್ಕ ಸೆರಗಿಗೆ ಕೈ ಒರೆಸುತ್ತಾ ಈಚೆ ಬಂದಳು.

“ಅಕ್ಕ, ಸಾಲು ಬದಲಿಸು ಅಂದವಳು ಯಾರು?”

“ಆಯ್ತು ಬಿಡೇ, ನಿಮ್ಮ ಭಾವನಿಗೆ ಫೋನ್ ನಾನೇ ಮಾಡ್ತೀನಿ. ಬೈಸಿಕೊಳ್ಳೋದೂ ನಾನೇ.” ಎಂದವಳು ಒಳಗೆ ಹೋಗಿ ಬಾಗಿಲನ್ನು ಪೂರ್ತಿ ಎಳೆದುಕೊಂಡಳು.

ಅವನು ಯಂತ್ರದ ಮುಂದೆ ಕೂತು, ಅರ್ಧ ಸಡಿಲವಾಗಿದ್ದ ತಿರುಪನ್ನು ಮತ್ತೆ ಬಿಗಿದ. ಅವಳು ಕಟ್ಟಿಟ್ಟಿದ್ದ ಗಂಟಿನಿಂದ ಎಣ್ಣೆ ಡಬ್ಬಿಯನ್ನು ತೆಗೆದು ಅವನ ಕೈಗೆ ಕೊಟ್ಟಳು. ಅವನು ಮುಚ್ಚಳ ತೆಗೆದು, ಮೊದಲ ದಿನದ ಹಾಗೆಯೇ, ಮೂಸಿ ನೋಡಿದ.

“ಅನುಮಾನವಾ ಇನ್ನೂ?” ಎಂದಳು.

“ಇಲ್ಲ.” ಎರಡು ಹನಿ ಬಿಟ್ಟು, ಚಕ್ರ ತಿರುಗಿಸಿ, ಅವಳ ಕಡೆ ನೋಡಿದ. “ಊಟ ಆಯ್ತಾ?”

“ಇನ್ನೂ ಇಲ್ಲ. ಕೈ ತೊಳ್ಕೊಂಡು ಬನ್ನಿ.”