ಎಡಗೈಯ ನೂರು ಪದ

"ಬಲಗೈ ತೋರಿಸಿ."

ವನಮಾಲಾ ಸೆರಗಿನಡಿಯಿಂದ ಕೈ ತೆಗೆದು ಮೇಜಿನ ಮೇಲಿಟ್ಟಳು. ಹೆಬ್ಬೆರಳೊಂದೇ ಉಳಿದಿದ್ದ ಕೈ! ಮಿಕ್ಕ ನಾಲ್ಕನ್ನೂ ಬಿಸ್ಕತ್ತಿನ ಕಾರ್ಖಾನೆಯ ಯಂತ್ರ ನುಂಗಿತ್ತು.

ಮಾಟುಂಗದ ಆ ಟೈಪಿಂಗ್ ಕ್ಲಾಸಿನಲ್ಲಿ ಇಂಗ್ಲಿಷ್ ಶಾರ್ಟ್‌ಹ್ಯಾಂಡ್, ಅಂದರೆ ಶೀಘ್ರಲಿಪಿ, ಕಲಿಸುತ್ತಿದ್ದ ರಮಾನಾಥ ಮುಂದಿದ್ದ ಪುಸ್ತಕ ಮುಚ್ಚಿದ. ಉಡುಪಿ ಕಡೆಯ, ಮೆಲುದನಿಯ ಮನುಷ್ಯ.

"ನಿಮಿಷಕ್ಕೆ ನೂರು ಪದ ಬರೀಲಿಕ್ಕುಂಟು. ಬೇರೆ ಏನಾದ್ರೂ..."

"ಎಡಗೈ ಇದೆಯಲ್ಲ ಸಾರ್? ನನಗೆ ಅಯ್ಯೋ ಅನ್ನೋರು ಬೇಡ. ಕಲಿಸೋರು ಬೇಕು!"

ಅವನು ತಲೆ ತಗ್ಗಿಸಿ ಪುಸ್ತಕ ತೆರೆದ.

ಅದು ೧೯೫೪. ಚೆಂಬೂರಿನ ಚಾಳಿನ ಒಂದೇ ಕೋಣೆಯಲ್ಲಿ ವನಮಾಲಾಳ ತಾಯಿ ಕ್ಷಯದಿಂದ ಮಲಗಿದ್ದಳು. ಅವರನ್ನು ಮೈಸೂರಿನಿಂದ ಕರೆತಂದಿದ್ದ ತಂದೆ ತೀರಿಕೊಂಡು ವರ್ಷಗಳಾಗಿದ್ದವು.

"ನೀನು ಆಫೀಸಿಗೆ ಹೊರಡೋದನ್ನ ಒಂದು ದಿನ ನೋಡಿಬಿಟ್ರೆ ಸಾಕು ಕಣೆ," ಎನ್ನುತ್ತಿದ್ದಳು ತಾಯಿ. ವನಮಾಲಾ ಅದನ್ನು ರಮಾನಾಥನಿಗೂ ಹೇಳಿದ್ದಳು.

ಲೋಕಲ್ ರೈಲಿನಲ್ಲಿ ಕೂತಾಗಲೂ ವನಮಾಲಾ ಪಕ್ಕದವರ ಮಾತನ್ನೆಲ್ಲ ಎಡಗೈ ಬೆರಳಿನಿಂದ ಮಡಿಲ ಮೇಲೆ ಬರೆಯುತ್ತಿದ್ದಳು. ಬೆರಳು ಬಾತುಕೊಂಡಿತು. ಒಂದು ಸಂಜೆ ಕ್ಲಾಸಿನಲ್ಲಿ ನೋವಿಗೆ ಕಣ್ಣೀರು ಹಾಳೆಗೆ ಬಿತ್ತು. ಆದರೂ ಅವಳು ನಿಲ್ಲಿಸಲಿಲ್ಲ. ಅವಳು ಬರೆಯಲೆಂದು ಓದುತ್ತಿದ್ದ ರಮಾನಾಥನ ದನಿಯೇ ತಡವರಿಸಿತು.

ಎಂಟು ತಿಂಗಳಾದ ಮೇಲೆ ಅವನೆಂದ, "ನೂರು ಮುಟ್ಟಿತು."

ಅವಳು ನಕ್ಕಳು! ಮನೆಯಲ್ಲೂ ಅವನ ದನಿಯೇ ಕಿವಿಯಲ್ಲಿ... 'ಇದೇನಾಯ್ತು ನನಗೆ?'

ಆದರೆ ಪರೀಕ್ಷೆಯ ದಿನ, ಓದುವವನ ಮಾತು ಮೂರನೆಯ ಸಾಲಿಗೇ ಅವಳನ್ನು ಬಿಟ್ಟು ಓಡಿತು. ಅರ್ಧ ಹಾಳೆ ಖಾಲಿ ಉಳಿಯಿತು.

ಅವಳು ನೇರ ಕ್ಲಾಸಿಗೆ ಬಂದಳು.

"ಗಡಿಯಾರ ನೋಡ್ಕೊಂಡು ಓದಿ ಸಾರ್. ದಿನಾ ಓದೋ ಹಾಗೇ."

ಅವನು ಪುಸ್ತಕ ಮುಟ್ಟಲಿಲ್ಲ.

"ನಿಮಿಷಕ್ಕೆ ಎಷ್ಟು ಪದ ಓದ್ತಿದ್ರಿ?"

"ಎಂಬತ್ತು... ಆ ದಿನ ನೀವು ಅತ್ತದ್ದು ನೋಡಿ ಅದಕ್ಕಿಂತ ಬೇಗ ಓದ್ಲಿಕ್ಕೆ ನನ್ನಿಂದ ಆಗ್ಲಿಲ್ಲ."

"ನೀವೂ ಅಯ್ಯೋ ಅಂದುಬಿಟ್ರಿ!"

ಮತ್ತೆ ಅವಳು ಆ ಮೆಟ್ಟಿಲು ಹತ್ತಲಿಲ್ಲ.

ಚಾಳಿನ ಮೇಲಿನ ಮನೆಯಲ್ಲಿದ್ದ ಧಾರವಾಡ ಕಡೆಯ ನೆರೆಯಾಕೆ ಗಂಗುಬಾಯಿಯ ಹತ್ತಿರ ರೇಡಿಯೋ ಇತ್ತು. ದಿನಾ ಬೆಳಿಗ್ಗೆ ಇಂಗ್ಲಿಷ್ ವಾರ್ತೆಗೆ ವನಮಾಲಾ ಪೆನ್ಸಿಲ್ ಹಿಡಿದು ಅದರ ಮುಂದೆ ಕೂರತೊಡಗಿದಳು. ರೇಡಿಯೋ ಯಾರಿಗೂ ಕಾಯುವುದಿಲ್ಲ. ಮೊದಲ ತಿಂಗಳು ಕಾಲುಭಾಗ ಸಿಕ್ಕಿತು. ಆಮೇಲೆ ಅರ್ಧ...

ಅಷ್ಟರಲ್ಲಿ ತಾಯಿ ತೀರಿಕೊಂಡಳು.

ಕ್ರಿಯೆಗಳು ಮುಗಿದ ಮರುದಿನವೇ ಅವಳು ಪೆನ್ಸಿಲ್ ಹಿಡಿದು ಬಂದದ್ದನ್ನು ಕಂಡು ಗಂಗುಬಾಯಿ ಕಣ್ಣೊರೆಸಿಕೊಂಡಳು.

"ಇವತ್ತೊಂದಿನಾರ ಬಿಡವಾ ಮಗಳ."

"ಇವತ್ತು ಬಿಟ್ರೆ ಪೂರ್ತಿ ಬಿಟ್ಟುಹೋಗುತ್ತೆ ಬಾಯಿ."

ಮರುವರ್ಷ ಅವಳು ಪಾಸಾದಳು. ಫೋರ್ಟ್ ಕಡೆಯ ಒಂದು ಆಫೀಸಿನಲ್ಲಿ ಕೆಲಸವೂ ಸಿಕ್ಕಿತು. ಆ ಕಾಗದ ಹಿಡಿದು ಖಾಲಿ ಮಂಚದ ಮುಂದೆ ತುಂಬಾ ಹೊತ್ತು ನಿಂತಳು. ಆಮೇಲೆ ಮಾಟುಂಗಕ್ಕೆ ಹೊರಟಳು.

ರಮಾನಾಥ ಸೊರಗಿದ್ದ. ಅವಳನ್ನು ಕಂಡು ಎದ್ದು ನಿಂತ.

"ಪಾಸಾದೆ."

"ಪಟ್ಟಿಯಲ್ಲಿ ನೋಡಿದೆ. ಎದುರು ಬರ್ಲಿಕ್ಕೆ ಧೈರ್ಯ ಆಗ್ಲಿಲ್ಲ. ಅಮ್ಮ ಹೇಗಿದ್ದಾರೆ?"

"ಇಲ್ಲ... ಹೋಗಿಬಿಟ್ರು."

ಅವನ ಮುಖ ಬಿಳಿಚಿಕೊಂಡಿತು.

"ನಾನು ಸರಿಯಾಗಿ ಓದಿದ್ರೆ ಹೋದ ವರ್ಷವೇ... ನೀವು ಆಫೀಸಿಗೆ ಹೊರಡೋದನ್ನ ಅವರು ನೋಡ್ತಿದ್ರು, ಅಲ್ವಾ?"

ಇಲ್ಲ ಎಂದು ಸಮಾಧಾನ ಹೇಳಬಹುದಿತ್ತು. ಅವಳು ಹೇಳಲಿಲ್ಲ.

"ನೋಡ್ತಿದ್ರೇನೋ."

"ಆದ್ರೂ ಬಂದಿದ್ದೀರಿ..."

"ಹೇಳ್ಕೊಳ್ಳೋಕೆ ಬೇರೆ ಯಾರೂ ಇಲ್ಲ ಅಂತ ಬಂದೆ ಅಂದ್ಕೊಂಡಿದ್ದೆ. ಮೆಟ್ಟಿಲು ಹತ್ತುವಾಗ ಗೊತ್ತಾಯ್ತು... ಯಾರಿದ್ರೂ ನಿಮಗೇ ಮೊದಲು ಹೇಳ್ತಿದ್ದೆ!"

ಅವನ ಕಣ್ಣು ತುಂಬಿತು.

"ನಾನು ನಿಧಾನ ಓದಿದ್ದು ಅಯ್ಯೋ ಅಲ್ಲ ವನಮಾಲಾ. ಪ್ರೀತಿ. ಹೇಗೆ ಹೇಳೋದಂತ ಗೊತ್ತಾಗದೆ ನಿಮ್ಮನ್ನೇ ಹಾಳು ಮಾಡಿದೆ."

ಅವಳು ಬಲಗೈಯನ್ನು ಸೆರಗಿನಿಂದ ಹೊರತೆಗೆದು ಅವನ ಅಂಗೈಯಲ್ಲಿಟ್ಟಳು.

"ಸರಿಯಾಗಿ ಕೇಳಿಸ್ಲಿಲ್ಲ."

"ಪ್ರೀತಿ ಅಂದೆ."

"ಹ್ಞೂಂ," ಎಂದಳು ಅವಳು ಅಳುತ್ತಲೇ, "ಈಗ ಕೇಳಿಸ್ತು."