ಗಿಡುಗ ಹೊತ್ತ ಕೈ

ಬಹಳ ಹಿಂದೆ, ಬೆಟ್ಟಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹೊಂಬೆಟ್ಟವೆಂಬ ರಾಜ್ಯವಿತ್ತು. ಅಲ್ಲಿನ ಅರಸನ ಗಿಡುಗಗಳನ್ನು ಪಳಗಿಸುತ್ತಿದ್ದವನು ಮಾಚಯ್ಯ. ಅವನ ಮನೆತನಕ್ಕೊಂದು ಕಟ್ಟಳೆ: ಕೈಮೇಲೆ ಗಿಡುಗ ಕೂತಿರುವಾಗ ಯಾರಿಗೂ ತಲೆ ಬಾಗುವಂತಿಲ್ಲ, ಅರಸನಿಗೂ ಇಲ್ಲ. ಬಾಗಿದರೆ ಹಕ್ಕಿ ಬೆದರುತ್ತದೆ. ಬೆದರಿದ ಹಕ್ಕಿ ಆ ಕೈಯನ್ನು ಮತ್ತೆ ನಂಬುವುದಿಲ್ಲ. ಅರಸ ಇದನ್ನು ಒಪ್ಪಿದ್ದ. ಮಂತ್ರಿಗಳಿಗೆ ಮಾತ್ರ ಹೊಟ್ಟೆಯುರಿ.

ಕಾಡಿನಾಚೆ ಕುಟಿಲಾಂಗನೆಂಬ ಮಾಂತ್ರಿಕನ ಕೋಟೆಯಿತ್ತು. ಅದರೊಳಗೆ ಯಾರೇ ತಲೆ ಬಾಗಲಿ, ಗೌಜಲಹಕ್ಕಿಯಾಗುತ್ತಿದ್ದರು. ಒಂದು ದಿನ ಅವನು ಮಾಚಯ್ಯನನ್ನು ಔತಣಕ್ಕೆ ಕರೆದ. "ಗಿಡುಗ ಬೇಡ, ಬರಿಗೈಯಲ್ಲಿ ಬಾ" ಎಂದ. ಆ ಗುಟ್ಟು ತಿಳಿಯದ ಮಾಚಯ್ಯ ಹೋದ, ಮರ್ಯಾದೆಗೆ ಕೈಮುಗಿದು ಬಾಗಿದ, ಗೌಜಲಾದ. ಕೋಟೆಗೆ ಸೌದೆ ತಂದಿದ್ದ ಹೆಂಗಸೊಬ್ಬಳು ಅದನ್ನು ಕಂಡು ಅವನ ಮನೆಗೆ ಓಡಿಬಂದು, ಬಾಗಿದ್ದಕ್ಕೇ ಹೀಗಾಯಿತೆಂದು ಹೇಳಿದಳು.

ಮಾಚಯ್ಯನ ಮಗಳು ದುಗ್ಗಳೆ ತೊಗಲಿನ ಕೈಗವಸು ತೊಟ್ಟಳು. ತನ್ನ ಗಿಡುಗ ಕೆಂಗಣ್ಣಿಯನ್ನು ಮುಂಗೈ ಮೇಲೆ ಕೂರಿಸಿಕೊಂಡು ಹೊರಟಳು. ತಾಯಿ ಅಡ್ಡ ನಿಂತಳು.

"ಅಯ್ಯೋ ಮಗಳೇ, ಅಲ್ಲಿರೋದೆಲ್ಲ ಗೌಜಲು. ಈ ಗಿಡುಗ ನಿಮ್ಮಪ್ಪನ್ನೇ ಹರಿದು ತಿಂದ್ರೆ?"

"ಇದಕ್ಕೆ ಕಣ್ಣು ಮುಚ್ಚೋ ಟೊಪ್ಪಿಗೆ ಹಾಕಿದೀನವ್ವ. ನಾನು ಪಳಗಿಸಿದ ಹಕ್ಕಿ ಇದು. ನಾನು ತೋರಿಸಿದ್ದು ಬಿಟ್ಟು ಬೇರೆ ಮುಟ್ಟಲ್ಲ."

ಮಾತೇನೋ ಗಟ್ಟಿಯಾಗಿತ್ತು, ಆದರೂ ಟೊಪ್ಪಿಗೆಯ ಗಂಟನ್ನು ಇನ್ನೊಮ್ಮೆ ಬಿಗಿದಳು.

ಕೋಟೆಯ ಬಾಗಿಲು ಸೊಂಟದೆತ್ತರ. ಬಾಗದೆ ಒಳಗೆ ಹೋಗುವವರುಂಟೆ? ದುಗ್ಗಳೆ ನೆಲಕ್ಕೆ ಕೂತು, ಕಾಲು ಮುಂದೆ ಚಾಚಿ, ಕೂತಲ್ಲೇ ಜರುಗುತ್ತ ಒಳಗೆ ಹೋದಳು. ಸೀರೆ ಮಣ್ಣಾಯಿತು, ತಲೆ ಬಾಗಲಿಲ್ಲ.

ಅಂಗಳದಲ್ಲಿ ಕಬ್ಬಿಣದ ಹದ್ದೊಂದು ನೇರ ಅವಳ ನೆತ್ತಿಗೆ ಎರಗಿತು. ದುಗ್ಗಳೆ ಹಲ್ಲು ಕಚ್ಚಿ ನಿಂತಳು. ಹದ್ದು ಹಣೆ ಗೀರಿಕೊಂಡು ಹೋಯಿತು. ರಕ್ತ ಇಳಿಯಿತು, ತಲೆ ಬಾಗಲಿಲ್ಲ.

ನಡುಮನೆಯಲ್ಲಿ ಅಪ್ಪನೇ ನಿಂತಿದ್ದ. "ಬಂದ್ಯಾ ಮಗಳೇ! ಕಾಲಿಗೆ ಬೀಳು, ಆಶೀರ್ವಾದ ಮಾಡ್ತೀನಿ."

ದುಗ್ಗಳೆಗೆ ಅಳು ಉಕ್ಕಿಬಂತು. ಇನ್ನೇನು ಬಾಗಬೇಕು, ಕೆಂಗಣ್ಣಿ ಉಗುರೂರಿ ಹಿಡಿಯಿತು. ಗಿಡುಗ ಹೊತ್ತ ಮಗಳಿಗೆ ಬಾಗು ಎಂದು ಅಪ್ಪ ಹೇಳಿಯಾನೆ?

"ನೀನು ನಮ್ಮಪ್ಪ ಅಲ್ಲ!"

ಅಪ್ಪನ ರೂಪ ಕಳಚಿತು. ಕುಟಿಲಾಂಗ ನಗುತ್ತ ಗೂಡಿನ ಬಾಗಿಲು ತೆಗೆದ. ಮುನ್ನೂರು ಗೌಜಲುಗಳು ಹೊರಗೆ ಬಂದವು. "ಇದರಲ್ಲೊಂದು ನಿಮ್ಮಪ್ಪ. ಈಗ ಬಿಡು ನಿನ್ನ ಗಿಡುಗನ್ನ!"

ಬಿಡದಿದ್ದರೆ ಮಾಂತ್ರಿಕ ಸೋಲುವುದಿಲ್ಲ, ಅಪ್ಪ ಹಕ್ಕಿಯಾಗಿಯೇ ಉಳಿಯುತ್ತಾನೆ. ಬಿಟ್ಟರೆ ಅವನೇ ಬಲಿಯಾದಾನು. ಕೆಂಗಣ್ಣಿಯೋ ಬೆಳಗಿನಿಂದ ಹಸಿದಿತ್ತು. ದುಗ್ಗಳೆ ಟೊಪ್ಪಿಗೆ ತೆಗೆದಳು, ಮಾಂತ್ರಿಕನತ್ತ ಬೆರಳು ತೋರಿದಳು, ಸಿಳ್ಳೆ ಹಾಕಿದಳು.

ಕೆಂಗಣ್ಣಿ ಹಾರಿತು. ಕೆಳಗೆ ಮುನ್ನೂರು ಗೌಜಲು ಕಿರುಚಿ ಚದುರಿದವು. ಒಂದರ ಕಡೆಗೂ ಅದು ಕತ್ತು ಹೊರಳಿಸಲಿಲ್ಲ. ನೇರ ಕುಟಿಲಾಂಗನ ಮುಖಕ್ಕೆ ಎರಗಿತು. ಅವನು ಹೆದರಿ ತಲೆ ತಗ್ಗಿಸಿದ. ತಗ್ಗಿಸಿದ್ದೇ ತಡ, ತಾನೂ ಗೌಜಲಾಗಿ ಪೊದೆಯತ್ತ ಓಡಿದ. ಮಾಡಿದ್ದುಣ್ಣೋ ಮಹರಾಯ! ಅವನ ಮಾಟ ಮುರಿಯಿತು, ಮುನ್ನೂರು ಗೌಜಲೂ ಮನುಷ್ಯರಾಗಿ ಎದ್ದು ನಿಂತರು.

ಮಾಚಯ್ಯ ಮೊದಲು ಗಿಡುಗವನ್ನು ನೋಡಿದ, ಆಮೇಲೆ ಮಗಳನ್ನು.

"ಮೂವತ್ತು ವರ್ಷ ಹಕ್ಕಿ ಪಳಗಿಸಿದೀನಿ ಕಣವ್ವ. ಗೌಜಲ ಮಧ್ಯೆ ಹಸಿದ ಗಿಡುಗನ್ನ ಬಿಡೋ ಧೈರ್ಯ ನಂಗಿರಲಿಲ್ಲ."

"ನಂಗೂ ಇರಲಿಲ್ಲಪ್ಪ" ಎಂದಳು ದುಗ್ಗಳೆ. ಇಬ್ಬರೂ ನಕ್ಕರು, ಇಬ್ಬರ ಕಣ್ಣೂ ಒದ್ದೆ.

ಅರಸ ಅವಳನ್ನು ಗಿಡುಗಗಳಿಗೆಲ್ಲ ಒಡತಿ ಮಾಡಿದ. ಹೊಂಬೆಟ್ಟದಲ್ಲಿ ಎಲ್ಲರೂ ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡಿ ನೂರ್ಕಾಲ ಬಾಳಿದರು. ಮಾಚಯ್ಯ ಮೊದಲಿನಿಂದ ಮಾತು ಕಡಿಮೆಯವನು. ಅವನು ಅಂದಿನಿಂದ ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, "ದುಗ್ಗಳೆ ನನ್ನ ಮಗಳು" ಅನ್ನುತ್ತಿದ್ದ. ಊರಿಗೆಲ್ಲ ಗೊತ್ತಿದ್ದ ಸಂಗತಿಯೇ. ಆದರೂ ಎಲ್ಲರೂ ನಿಂತು ಕೇಳುತ್ತಿದ್ದರು.