ಇಳಿಸದ ಬಾವುಟ

"ಯಾಮಿನಿ, ನಿಲ್ಲು! ಒಂದು ಹೆಜ್ಜೆನೂ ಇಡಬೇಡ!"

ಕೆಳಗಿನಿಂದ ಬಂದ ಆ ದನಿಗೆ ಯಾಮಿನಿ ಬಗ್ಗಿ ನೋಡಿದಳು. ಶ್ರೀನಾಥ! ಎರಡು ತಿಂಗಳಿಂದ ಒಂದು ಮೆಸೇಜೂ ಇಲ್ಲ, ಇವತ್ತು ನಗೋಯಾದಿಂದ ಇಲ್ಲಿಗೇಕೆ ಬಂದ?

ಅವಳು ನಿಂತದ್ದು ನಗಾನೋದ ಹಳ್ಳಿಯೊಂದರ ಹಿಮದ ಮೇಲೆ ಜಾರಿಬಂದು ಹಾರುವ, ಈಗ ಪಾಳುಬಿದ್ದ ಸ್ಕೀ ಜಂಪ್ ಗುಡ್ಡದ ತುದಿಯಲ್ಲಿ, ಮರದ ಅಟ್ಟಣೆಯ ಮೇಲೆ. ಶಾಲೆಯ ಮಕ್ಕಳಿಗಾಗಿ ಊರಿನವರೇ ಮರ ಕಡಿದು ಕಟ್ಟಿದ್ದು. ನಾಳೆ ಕೆಡವುತ್ತಾರೆ. ಅದರ ಚರಿತ್ರೆ ಬರೆಯುತ್ತಿದ್ದ ಕ್ಯೋಟೋದ ಈ ಸಂಶೋಧಕಿ ಕೊನೆಯ ಫೋಟೋಗೆಂದು ಒಬ್ಬಳೇ ಹತ್ತಿದ್ದಳು. ನಾಡಿದ್ದು ಬೆಂಗಳೂರಿಗೆ ವಿಮಾನ, ಅಲ್ಲಿ ಹೊಸ ಕೆಲಸ. ಮತ್ತೆ ಬರುವುದಿಲ್ಲ.

'ವಾಪಸ್ ಹೋಗ್ತಿದೀನಿ' ಎಂದು ಅವಳು ಹೇಳಿದಾಗ ಈ ಮಹಾಶಯ ಅಂದದ್ದೇನು ಗೊತ್ತೇ? 'ಆಲ್ ದ ಬೆಸ್ಟ್'! ಹೇಳಿ, ಸಿಟ್ಟು ಬರದೆ ಇರುತ್ತದೆಯೇ?

"ನಿನ್ನ ಮಾತು ನಾನ್ಯಾಕೆ ಕೇಳಲಿ?" ಎಂದು ಕೂಗಿ, ಇಳಿಯಲು ಕಾಲೆತ್ತಿದಳು.

ಹಲಗೆ ಲಟಕ್ಕೆಂದಿತು. ಶ್ರೀನಾಥ ಮೆಟ್ಟಿಲುಗಳತ್ತ ಕೈತೋರಿಸಿ ಮತ್ತೇನೋ ಕೂಗಿದ. ಗಾಳಿಯ ಅಬ್ಬರಕ್ಕೆ ಕೇಳಿಸಲಿಲ್ಲ.

ಅವನಿಗೆ ದಾರಿ ತೋರಿಸಿ ಕರೆತಂದಿದ್ದ ಊರಿನ ಮುದುಕ ಮೊರಿತಾ ಸಾನ್, ಕೊನೆಯ ಫೋಟೋಗೆಂದು ತಂದಿದ್ದ ಕೆಂಪು ಬಾವುಟವನ್ನು ಅವನ ಕೈಗಿತ್ತರು. ಒಂದು ಕಾಲಕ್ಕೆ ಇಲ್ಲಿ ಬಾವುಟ ಹಿಡಿಯುತ್ತಿದ್ದವರು ಅವರೇ. ಬಾವುಟ ಮೇಲಿದ್ದರೆ ಅಲುಗಬಾರದು, ಇಳಿದರೆ ಹೊರಡಬಹುದು. ಒಂದೇ ಒಂದು ಸಲ ಅವರು ಅವಸರದಲ್ಲಿ ಇಳಿಸಿದ್ದರು. ಹಾರಿದ ಹುಡುಗಿಯನ್ನು ಗಾಳಿ ಅಡ್ಡಕ್ಕೆ ಎಳೆದೊಯ್ದಿತು. ಅವಳು ಮತ್ತೆ ಏಳಲಿಲ್ಲ. ಆಮೇಲೆ ಈ ಗುಡ್ಡಕ್ಕೆ ಯಾರೂ ಮಕ್ಕಳನ್ನು ಕಳಿಸಲಿಲ್ಲ.

ಇದನ್ನೆಲ್ಲ ಯಾಮಿನಿ ತನ್ನ ಕೈಯಾರೆ ಬರೆದುಕೊಂಡಿದ್ದಳು.

ಶ್ರೀನಾಥ ಬಾವುಟ ಎತ್ತಿದ. ಅವಳು ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಮರುಕ್ಷಣವೇ ಮುಂದಿನ ಮೆಟ್ಟಿಲುಗಳು ಕಳಚಿ ಕೆಳಗೆ ಬಿದ್ದವು!

ಅಯ್ಯೋ ದೇವರೇ... ಆ ಹೆಜ್ಜೆ ಇಟ್ಟಿದ್ದರೆ?

ಅಗ್ನಿಶಾಮಕ ದಳ ಬರಲು ಐವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅಟ್ಟಣೆ ಓಲಾಡುತ್ತಲೇ ಇತ್ತು. ಅವಳ ಕಣ್ಣು ಆ ಕೆಂಪು ಬಟ್ಟೆಯನ್ನು ಬಿಟ್ಟು ಕದಲಲಿಲ್ಲ.

'ಕೈ ಇಳಿಸಬೇಡ ಶ್ರೀ... ಇಳಿಸಬೇಡ...'

ಅವನು ಇಳಿಸಲಿಲ್ಲ.

ಹಗ್ಗದ ಸಹಾಯದಿಂದ ನೆಲ ಮುಟ್ಟಿದವಳು ಓಡಿಬಂದು ಎದುರು ನಿಂತಳು. ಅವನ ಕೈ ಇನ್ನೂ ಮೇಲೇ ಇತ್ತು.

"ನಾನು ಬಂದಾಯ್ತಲ್ಲ, ಇನ್ನಾದ್ರೂ ಇಳ್ಸೋ!"

"ಇಳಿಸಲ್ಲ."

"ಯಾಕೆ?"

"ಇಳಿಸಿದ್ರೆ ನೀನು ಹೋಗಬಹುದು ಅಂತಾಗುತ್ತೆ..." ಅವನ ಕಣ್ಣು ತುಂಬಿ ಬಂತು. "ನಿನ್ನ ಕೆರಿಯರ್‌ಗೆ ಅಡ್ಡ ಬರಬಾರದು ಅಂತ ಅವತ್ತು ಬಾಯಿ ಮುಚ್ಕೊಂಡೆ. ಇವತ್ತು ತಡೀಲೇಬೇಕು ಅಂತ ಓಡಿ ಬಂದೆ. ನೀನಿಲ್ದೆ ನನಗಾಗಲ್ಲ ಕಣೇ!"

"ಇಷ್ಟು ಹೇಳೋಕೆ ನಾನು ಸಾಯೋ ಹಾಗಾಗಬೇಕಿತ್ತಾ, ದಡ್ಡ!"

ಅಳುತ್ತಲೇ ಅವಳು ಆ ಮರಗಟ್ಟಿದ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಬಾವುಟದ ಸಮೇತ ಎದೆಗೊತ್ತಿಕೊಂಡಳು.

"ಯಾಮಿನಿ... ಇಳಿದೇ ಹೋಯ್ತಲ್ಲ?"

"ಇಳಿಸಿದ್ದು ನಾನು, ನೀನಲ್ಲ. ಲೆಕ್ಕಕ್ಕಿಲ್ಲ... ಎಲ್ಲಿಗೂ ಹೋಗಲ್ಲ ಕಣೋ!"